ಪಂಪ್ ಸ್ಟವ್ ಮತ್ತು ನನ್ನ ಪುಕ್ಕಲುತನ

ನಾನು ಪುಕ್ಕಲಿ. ಬೆಳಿಗ್ಗೆ ಪಿಸ್ಕಾಟವೇಯ ಆಫೀಸಿಗೆಂದು ಹೊರಟವಳು ಎರಡನೆಯ ಸಿಗ್ನಲ್ಲಿನಿಂದ ಕಾರು ತಿರುಗಿಸಿಕೊಂಡು ಬಂದು, ಒಲೆ ಆರಿಸಿದ್ದೇನೆಯೇ ಎಂದು ನೋಡಿ ಹೋಗುವುದುಂಟು. ನಮ್ಮ ಮನೆಯಲ್ಲಿರುವುದು ಇಂಡಕ್ಷನ್ ಒಲೆ. ಅದರಲ್ಲಿ ಬೆಂಕಿಯೇ ಇಲ್ಲ, ಪಾತ್ರೆ ಎತ್ತಿದರೆ ತಾನಾಗಿಯೇ ನಿಲ್ಲುತ್ತದೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದ ಹೆದರಿಕೆ ಕಡಿಮೆಯಾಗುತ್ತದೆ ಎಂದು ಹೇಳುವವರು ಹೆದರಿದವರಲ್ಲ ಅಷ್ಟೆ. ಮ್ಯಾನ್‌ಹಟನ್ನಿನಿಂದ ಬರುವ ಗಂಡ ಪ್ರಭಾಕರ ಸೀಕಾಕಸ್‌ನಲ್ಲಿ ರೈಲು ಬದಲಿಸುವಾಗ ಫೋನ್ ಎತ್ತದಿದ್ದರೆ, ಅವನು ನಮ್ಮೂರು ಮೆಟುಚೆನ್ ತಲುಪುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಮೂರು ಆಸ್ಪತ್ರೆ ಸುತ್ತಿ ಬಂದಿರುತ್ತೇನೆ. ದೇವರು ನನಗೆ ಕೊಟ್ಟ ಉದ್ಯೋಗವೂ ಅಂಥದ್ದೇ: ಸಾಫ್ಟ್‌ವೇರ್ ಟೆಸ್ಟಿಂಗ್. ಎಲ್ಲಿ ಏನೇನು ಕೆಡಬಹುದು ಎಂದು ದಿನವಿಡೀ ಯೋಚಿಸಲು ಸಂಬಳ ಕೊಡುತ್ತಾರೆ. ಮನೆಗೆ ಬಂದ ಮೇಲೆ ಅದನ್ನೇ ಪುಕ್ಕಟೆಯಾಗಿ ಮಾಡುತ್ತೇನೆ.

ಇಂಥ ಮನೆಗೆ ನಮ್ಮ ಮಗಳು ಇಳಾ ಹೋದ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಹಿತ್ತಾಳೆಯ ಒಂದು ಹಳೆಯ ಪಂಪ್ ಸ್ಟವ್ ಹೊತ್ತುಕೊಂಡು ಬಂದಳು.

ಇಳಾ ಇಲ್ಲೇ ಹುಟ್ಟಿ ಬೆಳೆದವಳು. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಸಂಶೋಧನೆ ಮಾಡುತ್ತಾಳೆ. ಎಣ್ಣೆಯನ್ನು ಆವಿ ಮಾಡಿ ಉರಿಸುವ ಬರ್ನರುಗಳ ಮೇಲೆ ಅವಳಿಗೆ ಈಚೆಗೆ ಹುಚ್ಚು ಹಿಡಿದಿದೆ. ಯಾರದೋ ಮನೆ ಖಾಲಿ ಮಾಡುವ ಎಸ್ಟೇಟ್ ಸೇಲ್‌ನಲ್ಲಿ ಈ ಸ್ಟವ್ ಸಿಕ್ಕಿತಂತೆ. ವಾಷರ್ ಬದಲಿಸಿ, ಕೊಳವೆ ತೊಳೆದು, ನೀರಿನಲ್ಲಿ ಮುಳುಗಿಸಿ ಸೋರುತ್ತದೆಯೇ ಎಂದು ಪರೀಕ್ಷಿಸಿ, ಬೂದಿ ಹಾಕಿ ತಿಕ್ಕಿದ ದೇವರ ಪಾತ್ರೆಯ ಹಾಗೆ ಹೊಳೆಯಿಸಿದ್ದಳು. ಊಟದ ಮೇಜಿನ ಮೇಲೆ ಇಟ್ಟು, "ಅಮ್ಮಾ, ಲುಕ್ ಅಟ್ ದಿಸ್ ಬ್ಯೂಟಿ!" ಎಂದಳು.

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಮೂರು ಕಾಲು, ದುಂಡು ಹೊಟ್ಟೆ, ಪಕ್ಕದಲ್ಲಿ ಪಂಪಿನ ಹಿಡಿ, ನೆತ್ತಿಯ ಮೇಲೆ ಬರ್ನರು. ನಲವತ್ತು ವರ್ಷಗಳಿಂದ ನಾನು ಅಂಥದ್ದನ್ನು ನೋಡಿರಲಿಲ್ಲ.

"ಇದನ್ನ ಹಚ್ಚೋದು ಬೇಡ," ಎಂದೆ.

"ಹಚ್ಚದೆ ಇದ್ರೆ ವಾಟ್ಸ್ ದ ಪಾಯಿಂಟ್?"

ಅವಳು ಉತ್ಸಾಹದಿಂದ ಶುರು ಮಾಡಿದಳು. ಬತ್ತಿಯ ದೀಪ ಹಳದಿಯಾಗಿ ಉರಿಯುತ್ತದೆ, ಮಸಿ ಕಾರುತ್ತದೆ. ಹತ್ತೊಂಬತ್ತನೆಯ ಶತಮಾನದ ಜನಕ್ಕೆ ಇದು ಸಾಕುಸಾಕಾಗಿತ್ತು. ಎಣ್ಣೆಯನ್ನು ಎಣ್ಣೆಯಾಗಿಯೇ ಯಾಕೆ ಉರಿಸಬೇಕು, ಮೊದಲು ಆವಿ ಮಾಡಿ ಗಾಳಿಯೊಂದಿಗೆ ಬೆರೆಸಿ ಉರಿಸಿದರೆ ಹೇಗೆ ಎಂದು ಯೋಚಿಸಿದವರು ಒಬ್ಬಿಬ್ಬರಲ್ಲ. ಮೊದಮೊದಲು ಎಣ್ಣೆಯ ಡಬ್ಬಿಯನ್ನು ಮೇಲೆ ತೂಗುಹಾಕಿ, ಕೊಳವೆಯಲ್ಲಿ ಇಳಿಬಿಟ್ಟು, ಉರಿಯ ಪಕ್ಕದಲ್ಲೇ ಹಾಯಿಸಿದರು. ಸಂಜೆಯ ಸಂತೆಗಳಲ್ಲಿ ಹಣ್ಣು ಮಾರುವವರು ಅಂಥ ದೀಪ ಹಚ್ಚಿಕೊಂಡು ಕೂರುತ್ತಿದ್ದರು. ಆಮೇಲೆ ಪಂಪು ಬಂತು. ಗಾಳಿಯ ಒತ್ತಡಕ್ಕೆ ಸೀಮೆಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿ ನೀಲಿಯಾಗಿ ಉರಿಯುತ್ತದೆ. ಆ ಉರಿಯೇ ಮುಂದಿನ ಎಣ್ಣೆಯನ್ನು ಕಾಯಿಸುತ್ತದೆ. ಬೆಂಕಿ ತನ್ನ ಊಟವನ್ನು ತಾನೇ ಬೇಯಿಸಿಕೊಂಡು ಉಣ್ಣುತ್ತದೆ.

ನನ್ನ ಆತಂಕದ ಏರ್ಪಾಡೂ ಇದೇ ಅಲ್ಲವೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಆಗ ನನಗೆ ತಮಾಷೆ ಬೇಕಿರಲಿಲ್ಲ. "ನಂಗೆ ಇದರ ಕತೆ ಗೊತ್ತು ಕಣೇ," ಎಂದು ಕುರ್ಚಿ ಎಳೆದುಕೊಂಡು ಕೂತೆ. ಅವಳಿಗೆ ಎಂದೂ ಹೇಳದಿದ್ದುದನ್ನು ಹೇಳಿದೆ.

ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜಿ, ಅಮ್ಮ, ವನಜ ಚಿಕ್ಕಮ್ಮ ಮೂವರೂ ಅಡುಗೆ ಮಾಡುತ್ತಿದ್ದುದು ಪಂಪ್ ಸ್ಟವ್‌ನಲ್ಲಿ. ಅದರ ಭರ್ರ್ ಎನ್ನುವ ಸದ್ದು ಕೇಳಿದರೆ ಬೆಳಗಾಯಿತು ಎಂದು ಅರ್ಥ. ನನಗೆ ಎಂಟು ವರ್ಷವಿದ್ದಾಗ ಒಂದು ಬೆಳಿಗ್ಗೆ ಆ ಸದ್ದು ಬರಲಿಲ್ಲ. ಬುಸ್ ಎಂದಿತು. ನಾನು ಅಡುಗೆಮನೆಯ ಹೊಸ್ತಿಲಲ್ಲಿದ್ದೆ. ಸ್ಟವ್‌ನ ಮೇಲೆ ಆಳೆತ್ತರದ ಹಳದಿ ಉರಿ, ಚಿಕ್ಕಮ್ಮನ ಸೆರಗಿಗೆ ಬೆಂಕಿ. ಅಜ್ಜಿ ಎಲ್ಲಿಂದ ಬಂದರೋ, ಒಂದು ಕೈಯಲ್ಲಿ ಕಂಬಳಿ ಹೊದಿಸಿ ಚಿಕ್ಕಮ್ಮನನ್ನು ನೆಲಕ್ಕೆ ಕೆಡವಿ, ಇನ್ನೊಂದು ಕೈಯಲ್ಲಿ ಸ್ಟವ್‌ನೊಳಗಿನ ಒತ್ತಡ ಹೊರಬಿಡುವ ಗಾಳಿ ತಿರುಪು ಬಿಚ್ಚಿದರು. ಉರಿ ಕುಸಿಯಿತು. ಚಿಕ್ಕಮ್ಮ ಬದುಕಿದರು. ಎಡಗೈ ಮಾತ್ರ ಮೊಣಕೈವರೆಗೆ ಸುಕ್ಕುಗಟ್ಟಿ ಉಳಿಯಿತು.

ಆ ಕಾಲದ ಪತ್ರಿಕೆಗಳಲ್ಲಿ "ಸ್ಟವ್ ಸಿಡಿದು ಗೃಹಿಣಿ ಸಾವು" ಎಂಬ ಸುದ್ದಿ ಆಗಾಗ ಬರುತ್ತಿತ್ತು. ದೊಡ್ಡವರು ಅದನ್ನು ಓದಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ಎಲ್ಲ ಸ್ಟವ್‌ಗಳೂ ತಾವಾಗಿಯೇ ಸಿಡಿದವಲ್ಲ, ಅನೇಕ ಮನೆಗಳಲ್ಲಿ ಮನುಷ್ಯರು ಮಾಡಿದ್ದನ್ನು ಸ್ಟವ್ ತನ್ನ ತಲೆಯ ಮೇಲೆ ಹೊತ್ತುಕೊಂಡಿತ್ತು ಎಂಬುದು ನನಗೆ ಅರ್ಥವಾದದ್ದು ದೊಡ್ಡವಳಾದ ಮೇಲೆ. ಎರಡು ಹೆದರಿಕೆಗಳೂ ಸೇರಿ ನನ್ನೊಳಗೆ ಒಂದೇ ಗಂಟಾಗಿದ್ದವು.

ಇಳಾ ಸ್ಟವ್ ಪಕ್ಕಕ್ಕೆ ಸರಿಸಿದಳು. ಆಮೇಲೆ, "ಐ ಆಮ್ ಸೋ ಸಾರಿ, ಅಮ್ಮ," ಎಂದು ನನ್ನ ಕೈ ಹಿಡಿದುಕೊಂಡಳು. ಮತ್ತೆ ಮೆಲ್ಲಗೆ ಕೇಳಿದಳು: "ಬಟ್ ಅವತ್ತು ಎಕ್ಸಾಕ್ಟ್ಲಿ ಏನಾಯ್ತು? ವಾಟ್ ಫೇಲ್ಡ್?"

ಟೆಸ್ಟಿಂಗ್‌ನಲ್ಲಿ ನಾನು ಪ್ರತಿದಿನ ಕೇಳುವ ಪ್ರಶ್ನೆ ಅದು. ನಮ್ಮ ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. "ಸ್ಟವ್ ಹೊತ್ತಿಕೊಂಡಿತು" ಎನ್ನುತ್ತಿದ್ದೆವು, ಅಷ್ಟೆ.

ಇಳಾ ಆಗಲೇ ಚಿಕ್ಕಮ್ಮನಿಗೆ ವೀಡಿಯೊ ಕಾಲ್ ಮಾಡಿದ್ದಳು. ಮೈಸೂರಿನಲ್ಲಿ ರಾತ್ರಿಯ ಊಟ ಮುಗಿಸಿ ಕೂತಿದ್ದ ಚಿಕ್ಕಮ್ಮ ಸ್ಟವ್ ನೋಡಿ ನಡುಗುತ್ತಾರೆಂದು ನಾನು ಫೋನಿನ ಮುಂದೆ ಕೈ ಅಡ್ಡ ಹಿಡಿದೆ. ಅವರು, "ಕೈ ತೆಗಿಯೇ, ನೋಡೋಣ!" ಎಂದು ನನ್ನನ್ನೇ ಗದರಿಸಿದರು. "ಅಯ್ಯೋ, ಎಷ್ಟು ಲಕ್ಷಣವಾಗಿದೆ! ನಮ್ಮನೇದು ಇಷ್ಟು ದಪ್ಪ ಇರಲಿಲ್ಲ."

ಇಳಾ ತನ್ನ ಪ್ರಶ್ನೆ ಕೇಳಿದಳು.

"ಸ್ಟವ್‌ದೇನು ತಪ್ಪಿರಲಿಲ್ಲ ಪುಟ್ಟಾ. ಬರ್ನರ್ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿದರೆ ಅದು ಪೂರ್ತಿ ಉರಿದು ಬರ್ನರ್ ಕಾಯಬೇಕು. ನನ್ನ ಮಗು ಹಾಲಿಗೆ ಅಳ್ತಿತ್ತು, ನಾನು ಅವಸರ ಮಾಡಿ ಪಂಪ್ ಹೊಡೆದೆ. ಕಾಯದೆ ಇದ್ರೆ ಎಣ್ಣೆ ಆವಿ ಆಗಲ್ಲ, ಹಾಗೇ ಚಿಮ್ಮುತ್ತೆ."

"ಆಮೇಲೆ ನಿಮಗೆ ಭಯ ಆಗ್ಲಿಲ್ವಾ ಅಜ್ಜಿ?"

"ಒಂದು ತಿಂಗಳು ಆಯ್ತು. ಕೈ ವಾಸಿಯಾದ ಮೇಲೆ ಮತ್ತೆ ಅದರಲ್ಲೇ ಅಡುಗೆ ಮಾಡ್ದೆ, ಗ್ಯಾಸ್ ಬರೋವರೆಗೂ. ಸೌದೆ ಒಲೆ ಹೊಗೇಲಿ ಕಣ್ಣು ಕಳಕೊಳ್ಳೋದಕ್ಕಿಂತ ಅದೇ ಎಷ್ಟೋ ವಾಸಿ."

ನಾನು ಬೆಪ್ಪಾದೆ. ಅರ್ಧ ಶತಮಾನ ನಾನು ಯಾರ ಪರವಾಗಿ ಹೆದರುತ್ತಿದ್ದೆನೋ ಅವರು ಹೆದರಿಕೆಯನ್ನು ಒಂದೇ ತಿಂಗಳಿಗೆ ಮುಗಿಸಿ ಸಾರು ಕುದಿಸುತ್ತಿದ್ದರು! ನಾನು ಅದೇ ಮನೆಯಲ್ಲಿದ್ದೆ, ಅದೇ ಸಾರು ಉಂಡಿದ್ದೆ. ನೆನಪಿನಲ್ಲಿ ಮಾತ್ರ ಆ ಬೆಳಿಗ್ಗೆ ಒಂದೇ ಉಳಿದಿತ್ತು.

ಹಾಗೆಂದು ನನ್ನ ಭಯ ಹೋಯಿತೆಂದು ತಿಳಿಯಬೇಡಿ. ಹಚ್ಚಲು ಒಪ್ಪಿದೆ, ಆದರೆ ನನ್ನ ಷರತ್ತುಗಳ ಮೇಲೆ. ಮನೆಯೊಳಗೆ ಬೇಡ, ಹಿತ್ತಿಲಿನ ಸಿಮೆಂಟು ಕಟ್ಟೆಯ ಮೇಲೆ. ಉದುರಿದ ಎಲೆಯೆಲ್ಲ ಗುಡಿಸಿದೆ. ಬಕೆಟ್ಟಿನಲ್ಲಿ ಮರಳು, ಒದ್ದೆ ಕಂಬಳಿ, ಬೆಂಕಿ ಆರಿಸುವ ಸಿಲಿಂಡರು ಇಟ್ಟೆ. ಇಳಾಳ ಕೂದಲು ಕಟ್ಟಿಸಿ, ದುಪಟ್ಟಾ ತೆಗೆಸಿ ಹತ್ತಿಯ ಅಂಗಿ ಹಾಕಿಸಿದೆ. ಪ್ರಭಾಕರ ಈ ಸಿದ್ಧತೆಗಳನ್ನು ನೋಡಿ ಹೊರಗೆ ಹೋಗಿ, ಡ್ರೈವ್‌ವೇಯಲ್ಲಿದ್ದ ಕಾರನ್ನು ಬೀದಿಯ ಆಚೆ ಬದಿಗೆ ನಿಲ್ಲಿಸಿ ಬಂದ.

ಇಳಾ ಸ್ಪಿರಿಟ್ ಹಚ್ಚಿದಳು. ಬಿಸಿಲಿನಲ್ಲಿ ಅದರ ಉರಿ ಕಣ್ಣಿಗೇ ಕಾಣದು. ಗಾಳಿ ಬೀಸುತ್ತಿತ್ತು, ಶಾಖವೆಲ್ಲ ಪಕ್ಕಕ್ಕೆ ಹಾರಿಹೋಗುತ್ತಿತ್ತು. "ಇನ್ನೂ ಕಾಯ್ಲಿ," ಎಂದೆ. "ಆಯ್ತಮ್ಮ, ಇಟ್ಸ್ ಹಾಟ್ ಇನಫ್," ಎಂದು ಅವಳು ತಿರುಪು ಮುಚ್ಚಿ ಪಂಪ್ ಒತ್ತಿದಳು.

ಬುಸ್ ಎಂದಿತು.

ಹಳದಿ ಉರಿ ಅವಳ ಎದೆಯೆತ್ತರಕ್ಕೆ ಎದ್ದಿತು. ಇಳಾ ಹಿಂದಕ್ಕೆ ಹಾರಿದಳು. ಪ್ರಭಾಕರ "ಓಡು!" ಎಂದು ಕೂಗಿದ. ನನ್ನ ಕಾಲುಗಳು ಮಾತ್ರ ಮುಂದಕ್ಕೆ ಹೋದವು. ಬಗ್ಗಿ, ಮುಖ ಪಕ್ಕಕ್ಕೆ ತಿರುಗಿಸಿ, ಗಾಳಿ ತಿರುಪು ಬಿಚ್ಚಿದೆ. ಸುಯ್ಯೆಂದು ಗಾಳಿ ಹೊರಬಂತು. ಉರಿ ಮಂಡಿಯೂರಿ, ಚಿಕ್ಕದಾಗಿ, ಸತ್ತಿತು. ನನ್ನ ಕೈಗೆ ಏನೂ ಆಗಿರಲಿಲ್ಲ.

ಇಳಾಳ ಮುಖ ಬಿಳಿಚಿತ್ತು. "ಸಾಕಮ್ಮ, ಲೆಟ್ಸ್ ನಾಟ್," ಎಂದಳು.

"ಪೂರ್ತಿ ತಣ್ಣಗಾಗ್ಲಿ. ಮತ್ತೆ ಹಚ್ಚೋಣ," ಎಂದವಳು ಯಾರು ಎಂದು ನಾನೇ ತಿರುಗಿ ನೋಡಬೇಕಾಯಿತು.

ಈ ಸಲ ಗಾಳಿಗೆ ಅಡ್ಡವಾಗಿ ತಗಡು ನಿಲ್ಲಿಸಿ ನಾನೇ ಕೂತೆ. ಸ್ಪಿರಿಟ್ ಕೊನೆಯ ಹನಿಗೆ ಬರುವವರೆಗೂ ಕಾದೆ. ಮೆಲ್ಲಗೆ ಒಂದು ಸಲ ಪಂಪ್ ಒತ್ತಿದೆ, ಇನ್ನೊಂದು ಸಲ ಒತ್ತಿದೆ. ಬರ್ನರಿನ ಸುತ್ತ ನೀಲಿ ಹೂವೊಂದು ಅರಳಿ ಭರ್ರ್ ಎಂದು ಮೊರೆಯತೊಡಗಿತು. ಇಳಾ ಚಪ್ಪಾಳೆ ತಟ್ಟಿ, ನನ್ನ ಹೆಗಲ ಮೇಲೆ ಗಲ್ಲ ಊರಿ ನೋಡುತ್ತ ಕೂತಳು. ಆ ಸದ್ದಿನಲ್ಲಿ ನಮಗೆ ಬೇರೇನೂ ಕೇಳಿಸಲಿಲ್ಲ. ಹಾಗಾಗಿ ಮನೆಯ ಮುಂದೆ ಅಗ್ನಿಶಾಮಕ ವಾಹನ ಬಂದು ನಿಂತದ್ದೂ ತಿಳಿಯಲಿಲ್ಲ. ಮೊದಲ ಸಲದ ಹಳದಿ ಉರಿಯನ್ನು ಕಂಡು ಬೇಲಿಯಾಚೆಯ ಮನೆಯಾಕೆ ಫೋನ್ ಮಾಡಿದ್ದರು. ನಾನಾಗಿದ್ದರೂ ಮಾಡುತ್ತಿದ್ದೆ, ಬಹುಶಃ ಇನ್ನೂ ಬೇಗ.

ಹೆಲ್ಮೆಟ್, ದಪ್ಪ ಕೋಟು ತೊಟ್ಟ ನಾಲ್ವರು ಹಿತ್ತಿಲಿಗೆ ಬಂದರು. ಮುಂದಿದ್ದ ಹಿರಿಯ ಹೆಂಗಸು ಇದರ ಜವಾಬ್ದಾರಿ ಯಾರದೆಂದು ಕೇಳಿದಳು. ಗಂಡ, ಮಗಳು ಇಬ್ಬರೂ ನನ್ನ ಕಡೆ ಬೆರಳು ತೋರಿಸಿದರು.

"ನನ್ನದೇ," ಎಂದೆ. ತಿರುಪು ಬಿಚ್ಚಿ ಸ್ಟವ್ ಆರಿಸಿದೆ.

ಆಕೆ ಮರಳು, ಕಂಬಳಿ, ಸಿಲಿಂಡರು ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಗುಡಿಸಿದ ಕಟ್ಟೆಯನ್ನೂ ನೋಡಿ ತಲೆದೂಗಿದಳು. ಬೇಲಿಯಿಂದ ಇನ್ನಷ್ಟು ದೂರ ಇಡಿ ಎಂದಳು. ಆಮೇಲೆ ಸ್ಟವ್‌ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಇಂಥದ್ದನ್ನು ಚಿತ್ರದಲ್ಲಷ್ಟೇ ನೋಡಿದ್ದೇನೆ, ಇನ್ನೊಮ್ಮೆ ಹಚ್ಚಿ ತೋರಿಸುತ್ತೀರಾ ಎಂದು ಕೇಳಿದಳು. ಅವಳ ಹಿಂದಿದ್ದವರಲ್ಲಿ ಒಬ್ಬ ಆಗಲೇ ಬೆಂಕಿಕಡ್ಡಿಯ ಪೊಟ್ಟಣಕ್ಕೆ ಕೈಹಾಕಿದ್ದ.

"ಈಗಲೇ ಆಗಲ್ಲ, ಅದು ಇನ್ನೂ ಬಿಸಿಯಾಗಿದೆ, ಬಿಸಿ ಬಟ್ಟಲಿಗೆ ಸ್ಪಿರಿಟ್ ಸುರಿದರೆ ಭಗ್ಗನೆ ಹೊತ್ತಿಕೊಳ್ಳುತ್ತೆ. ಇದರ ಹತ್ತಿರ ಅವಸರ ಮಾಡಬಾರದು," ಎಂದೆ ಇಂಗ್ಲಿಷಿನಲ್ಲಿ.

ಆತ ಪೊಟ್ಟಣ ಕೆಳಗಿಟ್ಟ. ನಾಲ್ವರೂ ಹೆಲ್ಮೆಟ್ ತೆಗೆದು, ನಮ್ಮ ಹಿತ್ತಿಲಿನ ಬಿಸಿಲಿನಲ್ಲಿ, ನಾನು ಹೇಳುವವರೆಗೂ ಕಾಯುತ್ತ ನಿಂತರು.