ಟ್ಯೂಬ್‌ಲೈಟ್ ನೆಟ್ಟಗೆ ಕಾಣಬೇಕು

ಬ್ಯಾಡರಹಳ್ಳಿಯಲ್ಲಿ ಅಲ್ಯೂಮಿನಿಯಂ ಪಾಲಿಶ್ ಮಾಡುವವರೊಬ್ಬರಿದ್ದರು. ನನ್ನ ಹಳೇ ಬೈಕಿನ ಇಂಜಿನ್ ಕವರನ್ನು ಅವರ ಕೈಗೆ ಕೊಟ್ಟ ಮೇಲೆ ನಾನು ಬಸ್ಸಿನಲ್ಲಿ ನೇತಾಡುವಂತಾಯಿತು. ಯಾವಾಗ ಹೋಗಿ ಕೇಳಿದರೂ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಆ ಮನುಷ್ಯ ಕವರನ್ನು ತಲೆಯ ಮೇಲಿನ ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅದರಲ್ಲಿ ಮೂಡಿದ ಪ್ರತಿಬಿಂಬ ನೋಡುತ್ತಿದ್ದರು.

"ಟ್ಯೂಬ್‌ಲೈಟ್ ಇನ್ನೂ ಸೊಟ್ಟಗೆ ಕಾಣ್ತಿದೆ ಸಾರ್. ನೆಟ್ಟಗಾಗ್ಲಿ, ಕೊಡ್ತೀನಿ."

"ಅಣ್ಣ, ನಾನು ಅದ್ರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಬೇಕಾಗಿಲ್ಲ, ಬೈಕ್ ಓಡಿಸ್ಬೇಕು!" ಎಂದು ರೇಗಿದರೆ, ಏನೂ ಕೇಳಿಸದವರಂತೆ ಮತ್ತೆ ಪಾಲಿಶ್ ಮಾಡುವ ಬಟ್ಟೆಯ ಚಕ್ರಕ್ಕೆ ಕವರನ್ನು ಒತ್ತುತ್ತಿದ್ದರು.

ಕೊನೆಗೂ ಕೊಟ್ಟರು. ಥೇಟ್ ಕನ್ನಡಿ. ಆದರೆ ಬೈಕಿಗೆ ಕೂರಿಸಿದ ಮರುದಿನವೇ ಆಯಿಲ್ ಸೋರತೊಡಗಿತು. ಕವರು ಇಂಜಿನ್ನಿಗೆ ಕಚ್ಚಿ ಕೂರಲು ಸಮತಟ್ಟಾಗಿರಬೇಕಾದ, ಯಾರ ಕಣ್ಣಿಗೂ ಬೀಳದ ಒಳ ಅಂಚನ್ನೂ ಮಹಾನುಭಾವರು ಉಜ್ಜಿ ಉಜ್ಜಿ ದುಂಡಗೆ ಮಾಡಿಟ್ಟಿದ್ದರು. ಗೇಟಿನ ಮುಂದಿನ ಆಯಿಲ್ ಕಲೆ ತೋರಿಸಿ ಮನೆ ಓನರ್ ಆಂಟಿ ಬೈದಿದ್ದೂ ಬೈದಿದ್ದೇ.

ಬೈಕನ್ನು ಅವರ ಅಂಗಡಿಯೊಳಗೇ ತಂದು ನಿಲ್ಲಿಸಿ ಕೂಗಾಡಿದೆ. "ಒಳಗಡೆ ಅಂಚನ್ನ ಯಾಕ್ರೀ ಉಜ್ಜಿದ್ರಿ?"

"ಅದೊಂದೇ ಮಂಕಾಗಿತ್ತು ಸಾರ್. ಹೆಂಗ್ ಬಿಡ್ಲಿ?"

ಅಷ್ಟರಲ್ಲಿ ಬೈಕಿನ ಕೆಳಗೆ ಆಯಿಲ್ ಮಡುಗಟ್ಟಿತ್ತು. ಅವರು ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಅದನ್ನೇ ನೋಡಿದರು. ಈಗಲಾದರೂ ತಪ್ಪಾಯಿತು ಎನ್ನುತ್ತಾರೆಂದು ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ.

"ಬನ್ನಿ ಸಾರ್, ಇಲ್ಲಿ ನೋಡಿ," ಎಂದರು. "ಟ್ಯೂಬ್‌ಲೈಟ್ ಎಷ್ಟು ನೆಟ್ಟಗೆ ಕಾಣ್ತಿದೆ!"