ಸಾರಿಲ್ಲದ ಕೋಳಿ

ನನ್ನ ಗಂಡನ ಅಕ್ಕ ನಮ್ಮ ಮನೆಯಲ್ಲಿ ಒಂದು ತುತ್ತು ಉಣ್ಣುವುದನ್ನೂ ಬಿಟ್ಟಿದ್ದರು. ಅತ್ತೆ ತೀರಿಕೊಂಡ ದಿನ ಅವರು ರಾಮದುರ್ಗದ ಕಡೆಯಿಂದ ಬೈಲಹೊಂಗಲಕ್ಕೆ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಕೊಡುವುದು ಮುಗಿದಿತ್ತು. ಬಸ್ಸು ಯರಗಟ್ಟಿಯ ಹತ್ತಿರ ಕೆಟ್ಟು ನಿಂತಿತ್ತು. ಇತ್ತ ಹಿರಿಯರು ಹೊತ್ತು ಮುಳುಗುವುದರೊಳಗೆ ಆಗಲಿ ಎಂದು ಅವಸರ ಮಾಡಿದ್ದರು. ತಾಯಿಯ ಮುಖ ಕಾಣದ ಮಗಳು ತಮ್ಮನನ್ನು ಬೈಯಲಿಲ್ಲ, ಅಳಲೂ ಇಲ್ಲ. ಹೊಸ್ತಿಲ ಹೊರಗೆ ಒಂದಿಷ್ಟು ಹೊತ್ತು ನಿಂತು ಹೊರಟುಹೋದರು. ಆಮೇಲೆ ಬಂಧುಗಳ ಮದುವೆಯಲ್ಲಿ ಸಿಕ್ಕರೆ ಮಾತಾಡುತ್ತಿದ್ದರು, ನಗುತ್ತಲೂ ಇದ್ದರು. ನಮ್ಮ ಮನೆಯ ಊಟ ಮಾತ್ರ ಬೇಡವಾಗಿತ್ತು.

ಅಂಥವರು ಹೋದ ವರ್ಷ ಫೋನು ಮಾಡಿ, ರವಿವಾರ ಬರುತ್ತೇನೆ, ಉಂಡೇ ಹೋಗುತ್ತೇನೆ ಎಂದರು. ನಮ್ಮ ಮನೆಯವರು ಫೋನು ಕೆಳಗಿಟ್ಟವರು ಸುಮ್ಮನೆ ಅಂಗಳದಲ್ಲಿ ಅಡ್ಡಾಡಿದರು. ಒಳಗೆ ಬಂದು, ಕೋಳಿ ಮಾಡು ಎಂದಷ್ಟೇ ಹೇಳಿದರು.

ಇಲ್ಲಿಯೇ ನನ್ನ ದೊಡ್ಡಸ್ತಿಕೆ ಅಡ್ಡ ಬಂತು. ಆಗಷ್ಟೇ ಮನೆಗೆ ಸಣ್ಣ ಓವನ್ ಬಂದಿತ್ತು. ಫೋನಿನಲ್ಲಿ ಒಬ್ಬಾಕೆ ಒಂದೇ ಟ್ರೇಯಲ್ಲಿ ಕೋಳಿ, ತರಕಾರಿ ಎಲ್ಲ ಹಾಕಿ ಸುಟ್ಟು ತೆಗೆಯುವುದನ್ನು ನೋಡಿ ಮನಸ್ಸು ಅದರ ಮೇಲೆಯೇ ಕೂತಿತ್ತು. ಬೇರೆ ಪಾತ್ರೆ ಬೇಡ, ಒಗ್ಗರಣೆ ಬೇಡ, ಒಲೆ ಮುಂದೆ ಬೆವರುವುದು ಬೇಡ. ಮನೆಯಲ್ಲಿದ್ದ ಮೊಸರನ್ನೆಲ್ಲ ಬಳಿದು, ಮಸಾಲೆ ಖಾರ, ಶುಂಠಿ ಬೆಳ್ಳುಳ್ಳಿ ಕಲಸಿ ಕೋಳಿಗೆ ಹಚ್ಚಿದೆ. ಕೆಳಗೆ ಬಟಾಟೆ, ಗಜ್ಜರಿ, ಉಳ್ಳಾಗಡ್ಡಿ ಹಾಸಿದೆ. ನಾವು ಗಂಡ ಹೆಂಡತಿ, ಬರುವವರು ಅಕ್ಕ. ಒಂದು ಕೋಳಿ ಹೆಚ್ಚೇ ಆಯಿತು ಎಂದು ಲೆಕ್ಕ ಹಾಕಿದೆ. ಇಷ್ಟು ವರ್ಷ ಸಂಸಾರ ಮಾಡಿದವಳು ಹಾಕುವ ಲೆಕ್ಕವೇ ಅದು?

ಕೋಳಿ ಮಾಡಿದ ದಿನ ನಮ್ಮಲ್ಲಿ ಬದಿಯಲ್ಲೊಂದು ಬೇಳೆ ಸಾರು ಇದ್ದೇ ಇರುತ್ತದೆ. ವಾರ ಹಿಡಿದವರು, ಅಂದರೆ ದೇವರ ಹೆಸರಲ್ಲಿ ಅಂದು ಮಾಂಸ ಮುಟ್ಟದವರು, ಯಾರಾದರೂ ಬಂದಾರು ಎಂದು. ಎಲ್ಲ ಒಂದೇ ಟ್ರೇಯಲ್ಲಿ ಆಗುವಾಗ ಬೇಳೆ ಯಾಕೆ ಎಂದು ಅದನ್ನೂ ಬಿಟ್ಟೆ.

ಅಕ್ಕ ಬಂದರು. ಜೊತೆಗೆ ಅವರ ನೆಗೆಣ್ಣಿ, ಅಂದರೆ ಅವರ ಮೈದುನನ ಹೆಂಡತಿ. ಅಕ್ಕ ಸೀದಾ ಅಡುಗೆಮನೆಗೆ ಬಂದು, ಓವನ್ನಿನ ಗಾಜಿಗೆ ಮುಖ ಹಚ್ಚಿ ನೋಡಿದರು. ಕೋಳಿ ಕೆಂಪಗೆ ಬಣ್ಣ ತಿರುಗುತ್ತಿತ್ತು. "ಕಾಲಿನ ತುಂಡ ನನಗ ಇಡವಾ" ಎಂದು ಸಣ್ಣ ಹುಡುಗಿಯ ಹಾಗೆ ನಕ್ಕರು. ನನಗೆ ಗೆದ್ದೆ ಅನ್ನಿಸಿತು.

ಅಷ್ಟರಲ್ಲಿ ಓಣಿಯ ಹೆಂಗಸರು ಬರತೊಡಗಿದರು. ಈ ಓಣಿಯಲ್ಲಿ ಹುಟ್ಟಿದ ಮಗಳು ತವರಿಗೆ ಬಂದಳೆಂದರೆ ನೋಡಲು ಬರುವುದು ಪದ್ಧತಿ. ಬಂದವರನ್ನು ಊಟದ ಹೊತ್ತಿನಲ್ಲಿ ಹಾಗೇ ಕಳಿಸುವುದು ಪದ್ಧತಿಯಲ್ಲ. ಅಕ್ಕನೇ ಒಬ್ಬೊಬ್ಬರ ಕೈ ಹಿಡಿದು ಕೂರಿಸಿದರು. ತಮ್ಮನ ಮನೆಯಲ್ಲಿ ಮತ್ತೆ ಉಣ್ಣುವುದನ್ನು ಓಣಿಯವರು ನೋಡಲಿ ಎಂಬ ಆಸೆ ಅವರಿಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಕೋಳಿಯನ್ನು ಸಾರು ಮಾಡಿದ್ದರೆ ನನಗೇನು ಚಿಂತೆ? ಒಂದು ತಂಬಿಗೆ ಬಿಸಿನೀರು, ಒಂದು ಚಿಟಿಕೆ ಉಪ್ಪು, ಮತ್ತೊಂದು ಕುದಿ. ಈ ಒಣ ಟ್ರೇಗೆ ನೀರು ಹೊಯ್ದು ಏನು ಮಾಡಲಿ?

ಬಡಿಸತೊಡಗಿದೆ. ಅಕ್ಕನಿಗೆ ಮೊದಲು ಹಾಕಲು ಹೋದರೆ, ಬಂದವರಿಗೆ ಹಾಕು ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರು. ಒಂದು ಕಾಲು ನೆಗೆಣ್ಣಿಯ ತಾಟಿಗೆ ಹೋಯಿತು. ಇನ್ನೊಂದನ್ನು ರೂಢಿಯ ಮೇಲೆ ಗಂಡನ ತಾಟಿಗೆ ಹಾಕಿದ ಮೇಲೆ ನನಗೆ ಎಚ್ಚರ ಬಂತು. ತಿರುಗಿ ಅಕ್ಕನ ಹತ್ತಿರ ಬಂದಾಗ ಟ್ರೇಯಲ್ಲಿ ಕುತ್ತಿಗೆಯ ತುಂಡು, ಎಣ್ಣೆಯಲ್ಲಿ ಅದ್ದಿದ ಒಂದೆರಡು ಗಜ್ಜರಿ. ಅವರು ಟ್ರೇ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಮರತಿದ್ದೆ ನೋಡು. ಇವತ್ತ ನನಗ ಮೈಲಾರಲಿಂಗನ ವಾರ ಐತಿ. ರೊಟ್ಟಿ ಅಷ್ಟ ಕೊಡು."

ವಾರ ಹಿಡಿದವರಿಗೆ ಕೋಳಿಯ ಜೊತೆ ಬೆಂದ ಗಜ್ಜರಿಯೂ ನಡೆಯದು. ಬೇಳೆ ಇಲ್ಲ, ಮೊಸರಿಲ್ಲ. ತವರಿಗೆ ಉಣ್ಣಲು ಬಂದ ಮಗಳ ತಾಟಿನಲ್ಲಿ ಒಂದು ರೊಟ್ಟಿ, ಶೇಂಗಾ ಚಟ್ನಿ, ಒಂದು ಹಸಿ ಉಳ್ಳಾಗಡ್ಡಿ ಇಟ್ಟೆ. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

ಅಕ್ಕ ಮೊದಲ ತುತ್ತು ತಿನ್ನಲಿ ಎಂದು ನಮ್ಮ ಮನೆಯವರು ಇನ್ನೂ ತಾಟು ಮುಟ್ಟಿರಲಿಲ್ಲ. ಅವರ ಮುಖ ಕಪ್ಪಿಟ್ಟಿತು.

"ಅಕ್ಕಾ, ಇನ್ನೂ ನಿನ್ನ ಸಿಟ್ಟ ಹೋಗಿಲ್ಲ. ನನ್ನ ಮನಿ ಊಟ ಬ್ಯಾಡಂತ ಓಣಿಗೆಲ್ಲಾ ತೋರಸಾಕ ಬಂದಿ ಏನ?"

ಹೆಂಗಸರ ಕೈಗಳು ನಿಂತವು. ನಿಜ ಹೇಳಿದರೆ ನನ್ನ ಮಾನ ಹೋಗುತ್ತದೆಂದು ಅಕ್ಕ ಆ ಮಾತನ್ನು ತಲೆ ತಗ್ಗಿಸಿ ನುಂಗಿಕೊಂಡರು, ರೊಟ್ಟಿ ಮುರಿಯುತ್ತ ಕುಳಿತರು. ನಾನು ಟ್ರೇ ಹಿಡಿದು ನಿಂತಿದ್ದೆ. ಸುಮ್ಮನಿದ್ದರೆ ಅಕ್ಕ ತಮ್ಮ ಮತ್ತೆ ಎಂದೂ ಕೂಡುವುದಿಲ್ಲ. ಬಾಯಿ ಬಿಟ್ಟರೆ, ಬಂದವರಿಗೆ ಅನ್ನ ಸಾಲದ ಮನೆ ಎಂದು ಸಂಜೆಯೊಳಗೆ ಊರೆಲ್ಲ ಗೊತ್ತಾಗುತ್ತದೆ. ಆ ಗಳಿಗೆಯಲ್ಲಿ ಯಾವುದು ದೊಡ್ಡದು ಎಂದು ನನಗೆ ಕೂಡಲೇ ಹೊಳೆಯಲಿಲ್ಲ ಎನ್ನುವುದೇ ಇವತ್ತಿಗೂ ನಾಚಿಕೆ.

"ಅಕ್ಕಾರಿಗೆ ವಾರಾನೂ ಇಲ್ಲ, ಏನೂ ಇಲ್ರಿ" ಎಂದೆ. "ನಾ ಮಾಡಿದ್ದ ಸಾಲಲಿಲ್ಲ."

ಒಬ್ಬಾಕೆ ತನ್ನ ತಾಟಿನ ತುಂಡನ್ನು ರೊಟ್ಟಿಯ ಕೆಳಗೆ ಸರಿಸಿ ಮುಚ್ಚಿದಳು, ತಿಂದದ್ದೇ ತಪ್ಪಾಯಿತೇನೋ ಎಂಬಂತೆ. ಅಕ್ಕನ ಕಣ್ಣು ಮಾತ್ರ ನನ್ನ ಮೇಲೆ ಉರಿಯಿತು.

"ನಾ ಮುಚ್ಚಾಕ ಹತ್ತಿದ್ದೆ. ನೀ ಯಾಕ ಬಾಯಿ ಬಿಟ್ಟಿ?"

ನಮ್ಮ ಮನೆಯವರು ತಮ್ಮ ತಾಟನ್ನು ಎತ್ತಿಕೊಂಡು ಹೋಗಿ ಅಕ್ಕನ ಎದುರಿಗೆ ಕುಳಿತರು. ನಡುವೆ ತಾಟು ಇಟ್ಟು, ಅವ್ವನ ಮಣ್ಣಿನ ದಿನ ನೀನು ಬರುವವರೆಗೆ ತಡೆಯಬೇಕಾಗಿತ್ತು, ತಡೆಯಲಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದರು. ಅಕ್ಕ ಕಾಲಿನ ತುಂಡನ್ನು ಮುರಿದು ಅರ್ಧ ಅವರ ಬದಿಗೆ ದೂಡಿದರು. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ಓಣಿಯ ಹೆಂಗಸರು ಕಣ್ಣೊರೆಸಿಕೊಂಡರು; ನನಗೆ ಆ ಪುಣ್ಯವೂ ಇರಲಿಲ್ಲ. ನಾನು ಅಡುಗೆಮನೆಯಲ್ಲಿ ಟ್ರೇಗೆ ಹತ್ತಿದ ಮಸಾಲೆ ಕೆರೆಯುತ್ತ ನಿಂತೆ.

ಎಲ್ಲರೂ ಎದ್ದ ಮೇಲೆ ಅಕ್ಕ ತಮಗಿಟ್ಟಿದ್ದ ರೊಟ್ಟಿ, ಚಟ್ನಿಯ ತಾಟು ತಂದು ನನ್ನ ಮುಂದಿಟ್ಟರು. ಮನೆಯಲ್ಲಿ ಉಳಿದಿದ್ದದ್ದೂ ಅಷ್ಟೇ.

"ಮುಂದಿನ ಸರ್ತಿ ಸಾರ ಮಾಡು. ನಾ ಒಬ್ಬಾಕಿ ಬರಾಕಿ ಅಲ್ಲ."

ನಾನು ಉಂಡು ಮುಗಿಸುವವರೆಗೆ ಅವರು ಎದುರಿಗೇ ಕುಳಿತಿದ್ದರು. ನಾನು ತಲೆ ಎತ್ತಲಿಲ್ಲ.