ಹಾನಗಲ್ಲಿನ ನೋಟ್ಸ್, ಹಿರೇಕೆರೂರಿನ ರೇಣುಕಾ

ಸೋಮವಾರ ಬೆಳಿಗ್ಗೆ ಧಾರವಾಡದಿಂದ ಹೊರಟಾಗ ಮಳೆ ಜಿನುಗುತ್ತಿತ್ತು. ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು. ನಾಲ್ಕು ದಿನ, ನಾಲ್ಕು ಕಾಲೇಜು. ಅಧ್ಯಾಪಕರು ಆನ್‌ಲೈನಿನಲ್ಲಿ ಹಾಕುವ ಪಾಠಗಳು ಕಣ್ಣು ಕಾಣದ, ಕಿವಿ ಕೇಳದ ವಿದ್ಯಾರ್ಥಿಗಳಿಗೂ ದಕ್ಕುವಂತೆ ಮಾಡುವುದು ಹೇಗೆಂದು ಅವರಿಗೆ ಕಲಿಸುವುದು ನನ್ನ ಕೆಲಸ. ನನಗೂ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆರು ವರ್ಷ ಇಂಥ ಊರುಗಳನ್ನೆಲ್ಲ ಸಹೋದ್ಯೋಗಿ ಸುನಂದಾಳ ತೋಳು ಹಿಡಿದು ತಿರುಗಿದ್ದೆ. ಹೋದ ತಿಂಗಳು ಅವಳು ಬೇರೆ ನೌಕರಿ ಸಿಕ್ಕು ಬೀದರಿಗೆ ಹೋದಳು. ಬಿಳಿ ಕೋಲು ಹಿಡಿದು ಒಬ್ಬಳೇ ಹೊರಟದ್ದು ಇದೇ ಮೊದಲು.

ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿದೆ. ಕಂಡಕ್ಟರ್ ಬಾಗಿಲ ಹತ್ತಿರ ಸೀಟು ಕೊಡಿಸಿ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟನ್ನು ಅಂಗೈಯಲ್ಲಿಟ್ಟ. ತಡಸದಲ್ಲಿ ನಿಂತಾಗ ಮಿರ್ಚಿ ಕರಿಯುವ ವಾಸನೆ ಕಿಟಕಿಯಿಂದ ಬಂತು. ಸುನಂದಾ ಇದ್ದಿದ್ದರೆ ಓಡಿಹೋಗಿ ತರುತ್ತಿದ್ದಳು. ನಾನು ಇಳಿಯಲಿಲ್ಲ. ಇಳಿದರೆ ಮತ್ತೆ ಅದೇ ಬಸ್ಸನ್ನೇ ಹತ್ತುತ್ತೇನೆಂಬ ಧೈರ್ಯವಿರಲಿಲ್ಲ.

ಶಿಗ್ಗಾವಿಯಲ್ಲಿ ಹನ್ನೊಂದು ಮಂದಿ ಅಧ್ಯಾಪಕರು ಬಂದಿದ್ದರು. ಅವರದೇ ಒಂದು ಪಾಠವನ್ನು ನನ್ನ ಫೋನಿನಲ್ಲಿ ತೆರೆದೆ. ಪರದೆಯ ಮೇಲಿನ ಅಕ್ಷರಗಳನ್ನು ಅದು ಗಟ್ಟಿಯಾಗಿ ಓದುತ್ತದೆ. ಆದರೆ ಆ ಪಾಠ ಕೈಬರಹದ ನೋಟ್ಸಿನ ಫೋಟೊ. ಫೋನು "ಚಿತ್ರ" ಎಂದಿತು. ಮುಂದಿನ ಪುಟಕ್ಕೂ "ಚಿತ್ರ" ಎಂದಿತು. ಹದಿನೆಂಟು ಪುಟ ಮುಗಿಯುವವರೆಗೂ ಅದನ್ನೇ ಕೇಳಿಸಿದೆ. ಮೊದಲು ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಮಧ್ಯಾಹ್ನ ಪ್ರಾಚಾರ್ಯರು, "ಮೇಡಂ ಚಹಾ ಕುಡೀತಾರೇನು ಕೇಳು," ಎಂದು ಸಿಪಾಯಿಗೆ ಹೇಳಿದರು. ನಾನು ಅವರೆದುರಿನ ಕುರ್ಚಿಯಲ್ಲೇ ಕೂತಿದ್ದೆ.

ಸವಣೂರಿನಲ್ಲಿ ವಿಡಿಯೊ ಪಾಠಗಳ ಕೆಳಗೆ ಮಾತನ್ನು ಅಕ್ಷರದಲ್ಲಿ ಮೂಡಿಸುವುದನ್ನು ಕಲಿಸಿದೆ. ಮಂದಿ ಒಳ್ಳೆಯವರು. ಊಟಕ್ಕೆ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿ, ಕೊನೆಗೆ ಎಲೆ ಅಡಿಕೆಯನ್ನೂ ಕೊಟ್ಟರು. ನಾನು ಅವರಿಗೆ ನನ್ನ ಕಾಲೇಜು ದಿನಗಳ ಒಂದು ಪ್ರಸಂಗ ಹೇಳತೊಡಗಿದೆ. ಅರ್ಧಕ್ಕೆ ಬಂದಾಗ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿಲ್ಲ ಎನಿಸಿತು. ಕ್ಲಾಸಿನ ಹೊತ್ತಾಗಿ ಎಲ್ಲರೂ ಯಾವಾಗಲೋ ಸದ್ದಿಲ್ಲದೆ ಎದ್ದು ಹೋಗಿದ್ದರು. ಎಷ್ಟು ಹೊತ್ತು ಖಾಲಿ ಕುರ್ಚಿಗಳೊಡನೆ ಮಾತಾಡಿದೆನೋ ಗೊತ್ತಾಗಲಿಲ್ಲ. ಸಂಜೆ ಲಾಡ್ಜಿನಲ್ಲಿ ಸುನಂದಾಳಿಗೆ ಫೋನು ಹಚ್ಚಿದೆ. ಅವಳು ಎತ್ತಲಿಲ್ಲ.

ಬುಧವಾರ ಹಾನಗಲ್ಲಿನಲ್ಲಿ ತರುಣ ಅಧ್ಯಾಪಕರೊಬ್ಬರು, ತಮ್ಮ ಕಾಲೇಜಿನಲ್ಲಿ ಅಂಥ ವಿದ್ಯಾರ್ಥಿಗಳು ಯಾರೂ ಇಲ್ಲವಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳಿದರು. ಯಾಕೆ ಇಲ್ಲವೆಂದು ನಾನು ತಿರುಗಿ ಕೇಳಿದೆ. ಎಲ್ಲರೂ ಹೋದ ಮೇಲೆ ಒಬ್ಬರು ಉಳಿದುಕೊಂಡರು. ಇತಿಹಾಸ ಕಲಿಸುವ ಗುರುಪಾದಪ್ಪ, ನಿವೃತ್ತಿಗೆ ಹತ್ತಿರವಾದವರು.

"ರೇಣುಕಾ ಅಂತ ಕಣ್ಣು ಕಾಣದಾಕಿ ಒಬ್ಬಾಕಿ ಇದ್ಲ್ರಿ, ಎರಡು ವರ್ಷದ ಹಿಂದ. ನೋಟ್ಸಿನ ಫೋಟೊ ಓದಾಕ ಬರಂಗಿಲ್ಲ ಸರ, ಟೈಪ್ ಮಾಡಿ ಕಳಸ್ರಿ ಅಂತ ಮೂರು ಸಲ ಕೇಳಿದ್ಲು. ನಾ ಅದ ಫೋಟೊ ದೊಡ್ಡದು ಮಾಡಿ ಕಳಿಸಿದೆ." ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ನಾಕನೇ ಸಲ ಕೇಳಲಿಲ್ಲ. ಕಾಲೇಜ ಬಿಟ್ಲು."

ಆ ಸಂಜೆ ಆರರವರೆಗೆ ಅವರು ನನ್ನ ಪಕ್ಕದಲ್ಲಿ ಕೂತು, ಒಂದೇ ಬೆರಳಿನಲ್ಲಿ ಮೊದಲ ಪಾಠ ಟೈಪ್ ಮಾಡಿದರು. ಆಡೂರಿನ ಶಾಸನದ ಫೋಟೊ ಬಂದಾಗ ಕೈ ನಿಂತಿತು. ಮುಟ್ಟಿದರೆ ಹೇಗಿರುತ್ತದೆ, ಅದನ್ನೇ ಬರೆಯಿರಿ ಎಂದೆ. ಕಲ್ಲಿನ ಎತ್ತರ, ಸವೆದ ಅಂಚು, ಬೆರಳಿಗೆ ಸಿಗುವ ಅಕ್ಷರದ ಗುಳಿ, ಒಂದೊಂದೇ ಹೇಳುತ್ತ ಬರೆದರು. ಆ ಕಲ್ಲು ಹೇಗಿದೆಯೆಂದು ನನಗೂ ತಿಳಿಯಿತು.

ರೇಣುಕಾ ಈಗ ಹಿರೇಕೆರೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾಳೆಂದು ಅವರು ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ತಿಳಿದುಕೊಂಡರು, ಅಕ್ಕನ ನಂಬರನ್ನೂ ತೆಗೆದುಕೊಂಡರು. ಆದರೆ ಫೋನು ಮಾಡುವ ಧೈರ್ಯವಾಗಲಿಲ್ಲ. ನಾನೇ ಮಾಡಿದೆ. ಬರ್ರಿ ಎಂದರು ಅಕ್ಕ.

ಗುರುವಾರ ಅಕ್ಕಿಆಲೂರಿನ ಮೇಲೆ ಹಾಯ್ದು ಹಿರೇಕೆರೂರಿಗೆ ಹೋದೆ. ಕಾಲೇಜಿನ ಕೆಲಸ ಮುಗಿಯುವ ಹೊತ್ತಿಗೆ ಅಕ್ಕ ರೇಣುಕಾಳನ್ನು ಕೈಹಿಡಿದು ಗೇಟಿಗೆ ಕರೆತಂದಿದ್ದರು. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಒಬ್ಬರೇ ಬಂದಿರೇನು, ಅಂಜಿಕೆಯಾಗಲಿಲ್ಲವೇ ಎಂದು ರೇಣುಕಾ ಕೇಳಿದಳು. ದಿನಾಲೂ ಆಯಿತು ಎಂದೆ. ಕಾಲೇಜು ಬಿಟ್ಟ ಮೇಲೆ ಒಬ್ಬಳೇ ಹೊಸ್ತಿಲು ದಾಟಿಲ್ಲವೆಂದು ಹೇಳಿದಳು.

ಗುರುಪಾದಪ್ಪನವರು ಟೈಪ್ ಮಾಡಿದ ಪಾಠವನ್ನು ಅವಳ ಫೋನಿಗೆ ಕಳಿಸಿದೆ. ಅವಳು ಫೋನಿನ ಓದಿನ ವೇಗ ಎಷ್ಟು ಹೆಚ್ಚಿಸಿದಳೆಂದರೆ ಅಕ್ಕನಿಗೆ ಒಂದಕ್ಷರವೂ ತಿಳಿಯಲಿಲ್ಲ. ನನಗೆ ತಿಳಿಯಿತು. ಚಹಾ ಆರುವವರೆಗೂ ನಾವಿಬ್ಬರೂ ಕೇಳಿದೆವು. ಆ ನಾಲ್ಕು ದಿನದಲ್ಲಿ ನಾನು ಒಬ್ಬಂಟಿಯಲ್ಲ ಎನಿಸಿದ್ದು ಅಷ್ಟೇ ಹೊತ್ತು.

"ಮೂರನೇ ಪುಟದಾಗ ತಪ್ಪೈತ್ರಿ," ಎಂದಳು. "ರಾಜನ ಮಗನ ಹೆಸರು ಅಪ್ಪಗ ಹಾಕ್ಯಾರ. ಕ್ಲಾಸಿನ್ಯಾಗ ಸರಿ ಹೇಳಿದ್ರು."

ಸರ್ ಜೊತೆ ಮಾತಾಡುತ್ತೀಯಾ ಎಂದು ಕೇಳಿದೆ.

"ಬ್ಯಾಡ್ರಿ," ಎಂದಳು. ಅಕ್ಕ ಏನೋ ಹೇಳಹೋದರು, ಅವಳು ತಡೆದಳು. "ಉಳಿದ ಪಾಠ ಕಳಸಲಿ. ಕಳಿಸಿದ್ರ ಪರೀಕ್ಷಾಕ್ಕ ಕೂಡ್ತೇನಿ." ತನ್ನ ನಂಬರನ್ನು ಅವರಿಗೆ ಕೊಡಲು ಒಪ್ಪಿದಳು.

ಹಾವೇರಿಯ ಬಸ್ಸಿನಲ್ಲಿ ಕೂತು ಗುರುಪಾದಪ್ಪನವರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳಿಗೆ ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದರು. ಇದೆ ಎಂದೆ. ಅವಳಿಗೆ ಫೋನು ಮಾಡಲೇ ಎಂದರು. ಈಗ ಬೇಡ, ಪಾಠ ಕಳಿಸಿ ಎಂದೆ. ನಂಬರನ್ನು ಒಂದೊಂದೇ ಅಂಕಿಯಾಗಿ ಬರೆದುಕೊಂಡು, ನನಗೆ ತಿರುಗಿ ಓದಿ ಹೇಳಿದರು.

ಹಾವೇರಿ ಇನ್ನೂ ದೂರವಿತ್ತು. ಮಡಿಲಲ್ಲಿದ್ದ ಫೋನು ಅವರ ಸಂದೇಶವನ್ನು ಓದಿತು: ಮೂರನೇ ಪುಟ ತಿದ್ದಿದ್ದೇನೆ, ಅವಳಿಗೆ ಕಳಿಸಿದ್ದೇನೆ, ಎರಡನೇ ಪಾಠ ಶುರು ಮಾಡಿದ್ದೇನೆ. ಇನ್ನೊಮ್ಮೆ ಓದಿಸಿ ಕೇಳಿದೆ. ಯಾರಿಗಾದರೂ ಹೇಳಬೇಕೆನಿಸಿ ಸುನಂದಾ ಕೂರುತ್ತಿದ್ದ ಪಕ್ಕದ ಸೀಟಿನ ಮೇಲೆ ಕೈಯಿಟ್ಟೆ. ಅಲ್ಲಿ ಯಾರೂ ಇರಲಿಲ್ಲ.